ಇಲಿಯ ಎಡಗಾಲು

ಮನುಷ್ಯ ಹೋದರೂ ಮೂಳೆ ಉಳಿಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹೀಗೆ ಹೇಳುವ ತಿಳಿದವರು ಯಾರೂ ವಿದ್ಯುತ್ ಚಿತಾಗಾರದ ಹೊರಗಿನ ಸಿಮೆಂಟ್ ಬೆಂಚಿನ ಮೇಲೆ ಕೂತು ಕಾದವರಲ್ಲ. ಅಲ್ಲಿ ಒಂದು, ಒಂದೂವರೆ ಗಂಟೆಯೊಳಗೆ ಬಾಯಿಗೆ ಬಟ್ಟೆ ಕಟ್ಟಿದ ಮಡಕೆಯೊಂದನ್ನು ಕೈಗೆ ಕೊಡುತ್ತಾರೆ. ತೂಕ ಹೆಚ್ಚೆಂದರೆ ಒಂದು ಪಪ್ಪಾಯಿಯಷ್ಟು. ಕಳೆದ ತಿಂಗಳು ಅಂಥದೊಂದು ಮಡಕೆಯನ್ನು, ಸತ್ತವರ ಸೋದರಸಂಬಂಧಿ ರಿಜಿಸ್ಟರಿಗೆ ಸಹಿ ಹಾಕಿ ಬರುವವರೆಗೆ, ನಾನು ಹಿಡಿದುಕೊಂಡು ನಿಂತಿದ್ದೆ. ಒಳಗಿದ್ದವರು ಜೀವಮಾನವಿಡೀ ಮೂಳೆಯ ವಿಷಯ ಬಿಟ್ಟು ಬೇರೆ ಮಾತಾಡಿದವರಲ್ಲ.

ಕಾಲೇಜಿನಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗಿದ್ದ ಒಂದು ಖಾಸಗಿ ಕಾಲೇಜು, ಶರೀರಶಾಸ್ತ್ರದ ವಿಭಾಗ. ಮಿಕ್ಕ ನಾವೆಲ್ಲ ಸಾರ್ ಆಗಿದ್ದೆವು, ಅವರೊಬ್ಬರು ಮಾತ್ರ ಮೇಷ್ಟ್ರು. ನನ್ನಿಂದ ಎರಡು ಮೇಜು ಆಚೆ ಹದಿನೆಂಟು ವರ್ಷ ಕೂತರು.

ಅವರ ಮನೆ ರಾಜಾಜಿನಗರದ ಒಂದು ಅಡ್ಡರಸ್ತೆಯಲ್ಲಿ. ಮೆಟ್ರೋ ಕಂಬಕ್ಕೆಂದು ಅಗೆದ ಮಣ್ಣು ರಸ್ತೆಯ ಬಾಯಿಗೇ ಬಿದ್ದಿದ್ದರಿಂದ ಶವದ ವ್ಯಾನು ಒಳಗೆ ಬರಲಿಲ್ಲ. ಚಟ್ಟವನ್ನು ಮುಖ್ಯರಸ್ತೆಯವರೆಗೆ ಹೆಗಲ ಮೇಲೆ ಹೊತ್ತೆವು. ನನ್ನ ಪಕ್ಕದಲ್ಲಿ ಹೆಗಲು ಕೊಟ್ಟವನು ನಮ್ಮ ಕಾಲೇಜಿನ ಅಟೆಂಡರ್ ಚನ್ನಪ್ಪ, ಹಾವೇರಿ ಕಡೆಯವನು, ನನ್ನದೇ ವಯಸ್ಸಿನವನು. ಅರ್ಧ ದಾರಿಯಲ್ಲಿ ಅವನು ನಿಂತು, "ಮಗ್ಗಲ ಬದಲ ಮಾಡ್ಕೊಳ್ರಿ ಸರ. ಒಂದ ಹೆಗಲಿಗೆ ಭಾರ ಹಾಕಬಾರ್ದು" ಅಂದ. ಅವನು ಈ ಕಡೆ ಬಂದ, ನಾನು ಆ ಕಡೆ ಹೋದೆ. ಹೆಣ ಹೊತ್ತವರು ನಗಬಾರದು, ಅಳುತ್ತಾ ಎಡವಲೂಬಾರದು. ಎರಡನ್ನೂ ತಡೆದುಕೊಳ್ಳುವುದು ನನಗೆ ಕಷ್ಟವಾಯಿತು. ಯಾಕೆಂದು ಹೇಳಬೇಕಾದರೆ ಇಲಿಗಳಿಂದ ಶುರುಮಾಡಬೇಕು.

ಇಲಿಗಳಿಗೂ ಮೊದಲು ಮೆಟ್ಟಿಲು. ಮೇಷ್ಟ್ರು ಯಾವ ಮೆಟ್ಟಿಲನ್ನೂ ಕೊನೆಯವರೆಗೆ ಇಳಿದವರಲ್ಲ. ಕೊನೆಯ ಎರಡು ಮೆಟ್ಟಿಲು ಉಳಿದಾಗ ಧೋತಿಯುಟ್ಟ ಗಣ್ಯರು ಕಾಲುವೆ ದಾಟುವ ಗಾಂಭೀರ್ಯದಿಂದ ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ ಧುಪ್ಪೆಂದು ಹಾರುತ್ತಿದ್ದರು. ಬಸ್ಸಿನಿಂದಲೂ ಹಾಗೆಯೇ. ಕಂಡಕ್ಟರ್ ಒಮ್ಮೆ, "ಯಜಮಾನ್ರೇ, ಬಿದ್ಗಿದ್ದೀರಾ, ಈ ವಯಸ್ಸಲ್ಲಿ ಮೂಳೆ ಕೂಡಲ್ಲ" ಎಂದದ್ದಕ್ಕೆ, ಸ್ಟಾಪಿನಲ್ಲೇ ನಿಂತು ಅವನಿಗೆ ಉತ್ತರ ಕೊಡಲು ಹೋದರು, ಅಷ್ಟರಲ್ಲಿ ಬಸ್ಸು ಹೊರಟುಬಿಟ್ಟಿತು. ಉಳಿದ ಉತ್ತರ ನನಗೆ ಸಿಕ್ಕಿತು.

"ಮೂಳೆ ಅಂದ್ರೆ ಜನ ಕಲ್ಲು ಅಂದ್ಕೊಂಡಿದ್ದಾರೆ ರೀ. ಅದಕ್ಕೆ ಕಿವಿ ಇದೆ. ಭಾರ ಬಿದ್ರೆ ಕೇಳಿಸ್ಕೊಳ್ಳುತ್ತೆ. ಎಲ್ಲಿ ಬಿತ್ತೋ ಅಲ್ಲಿ ಗಾರೆ ಹಾಕ್ಕೊಳ್ಳುತ್ತೆ. ಬೀಳಲಿಲ್ಲ ಅನ್ನಿ, ಇದ್ದ ಗಾರೆನೂ ಕಿತ್ತು ಕಳಿಸಿಬಿಡುತ್ತೆ."

ಮಾತಾಡುವಾಗ ಪೆನ್ನಿನ ಹಿಂಭಾಗದಿಂದ ತಮ್ಮ ಮೊಣಕಾಲ ಕೆಳಗಿನ ಮೂಳೆಯನ್ನು ಟಕಟಕನೆ ಬಡಿಯುತ್ತಿದ್ದರು, ಬಾಗಿಲು ತಟ್ಟಿ ಒಳಗಿನವರನ್ನು ಎಬ್ಬಿಸುವ ಹಾಗೆ.

ಸುಮ್ಮನೆ ಹೇರಿಟ್ಟ ಭಾರ ಮೂಳೆಗೆ ಲೆಕ್ಕಕ್ಕಿಲ್ಲ, ಬಂದು ಹೋಗುವ ಭಾರಕ್ಕೆ ಮಾತ್ರ ಅದು ಮರ್ಯಾದೆ ಕೊಡುತ್ತದೆ ಎಂಬುದು ಅವರು ಪದೇ ಪದೇ ಹೇಳುತ್ತಿದ್ದ ಇನ್ನೊಂದು ಮಾತು. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ಹೊರದೇಶದವರು ಕಂಡುಕೊಂಡ ಸಂಗತಿ ಇದು. ಮೇಷ್ಟ್ರು ಇದನ್ನು ಆಡಳಿತಕ್ಕೂ ಅನ್ವಯಿಸುತ್ತಿದ್ದರು. ನಮ್ಮ ಪ್ರಿನ್ಸಿಪಾಲರು ಹನ್ನೊಂದು ವರ್ಷದಿಂದ ಕುರ್ಚಿ ಬಿಟ್ಟಿರಲಿಲ್ಲ. "ಅವರು ಹೇರಿಟ್ಟ ಭಾರ" ಎನ್ನುತ್ತಿದ್ದರು. "ಅದಕ್ಕೇ ನಾವ್ಯಾರೂ ಗಟ್ಟಿಯಾಗಲಿಲ್ಲ."

ಇಷ್ಟೆಲ್ಲ ಜಗತ್ತಿಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದ ಉತ್ತರ ಸಣ್ಣದು: ಮುದಿಯಾದ ಮೂಳೆಯ ಕಿವಿ ಪೂರ್ತಿ ಮಂದವಾಗುತ್ತದೆಯೋ, ಅಥವಾ ಸರಿಯಾಗಿ ಕೂಗಿದರೆ ಅದೂ ಓಗೊಡುತ್ತದೆಯೋ? ದೊಡ್ಡವರ ಪುಸ್ತಕಗಳಲ್ಲಿ ಇದಕ್ಕೆ ಹೌದು ಎಂದೂ ಇಲ್ಲ ಎಂದೂ ಇತ್ತು. ಮೇಷ್ಟ್ರು ಈ ಪ್ರಶ್ನೆಯನ್ನು ಡಾಕ್ಟರೇಟಿಗೆಂದು ನೋಂದಾಯಿಸಿದ್ದರು. ಎಷ್ಟು ವರ್ಷದ ಹಿಂದೆ ಎಂದು ಕೇಳುವುದು ಸ್ಟಾಫ್ ರೂಮಿನಲ್ಲಿ ಅಸಭ್ಯತೆ ಎನಿಸಿಕೊಂಡಿತ್ತು. ಅವಧಿಯನ್ನು ಎರಡು ಸಲ ವಿಸ್ತರಿಸಿಕೊಂಡಿದ್ದರು.

ಪ್ರಶ್ನೆ ಪೂರ್ತಿ ಪುಸ್ತಕದ್ದೂ ಆಗಿರಲಿಲ್ಲ. ಮನೆಯಲ್ಲಿ ಅಕ್ಕ ಇದ್ದರು, ಇವರಿಗಿಂತ ಒಂಬತ್ತು ವರ್ಷ ದೊಡ್ಡವರು, ಪ್ರೈಮರಿ ಶಾಲೆಯ ಟೀಚರಾಗಿ ರಿಟೈರಾದವರು. ಇಬ್ಬರೂ ಮದುವೆಯಾಗಿರಲಿಲ್ಲ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಕ್ಕ, ಆಪರೇಷನ್ ಆದಮೇಲೂ ಹಾಸಿಗೆ ಬಿಟ್ಟು ಏಳಲಿಲ್ಲ. ಮಲಗಿದಷ್ಟೂ ಮೂಳೆ ಸವೆಯುತ್ತದೆ, ಸವೆದಷ್ಟೂ ಏಳಲಾಗುವುದಿಲ್ಲ. ಡಾಕ್ಟರನ್ನು ಕೇಳಿಕೊಂಡು ಮೇಷ್ಟ್ರು ದಿನಕ್ಕೆರಡು ಹೊತ್ತು ಆಕೆಯನ್ನು ಕಿಟಕಿಯ ಸರಳು ಹಿಡಿಸಿ ಎಬ್ಬಿಸಿ ನಿಲ್ಲಿಸುತ್ತಿದ್ದರು. ನಿಲ್ಲು, ಕೂರು, ಸ್ವಲ್ಪ ಬಿಡುವು, ಮತ್ತೆ ನಿಲ್ಲು. ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು. ಐದನೆಯದು ಯಾವತ್ತೂ ಆಗಿರಲಿಲ್ಲ.

ಅಕ್ಕನ ನಾಲಿಗೆಯಲ್ಲಿ ಮೂಳೆ ಇರಲಿಲ್ಲವಾದ್ದರಿಂದ ಅದು ಸವೆದಿರಲಿಲ್ಲ. ನಾನು ಹೋದಾಗಲೆಲ್ಲ, "ನೋಡಪ್ಪಾ, ಇವ್ನು ಇಲಿಗೆ ಮಾಡೋ ಉಪಚಾರದಲ್ಲಿ ಅರ್ಧ ನಂಗೆ ಮಾಡಿದ್ರೆ ನಾನೀಗ ನವರಂಗ್ ಸರ್ಕಲ್ ತನಕ ನಡ್ಕೊಂಡು ಹೋಗಿ ತರಕಾರಿ ತರ್ತಿದ್ದೆ" ಎನ್ನುವರು. ಮೇಷ್ಟ್ರು ಕಾಲೇಜಿನಿಂದ ಬಂದ ಕೂಡಲೇ ಅಕ್ಕ ಕೇಳುತ್ತಿದ್ದ ಮೊದಲ ಪ್ರಶ್ನೆ: "ಏನಂದ್ವೋ ನಿನ್ನ ಇಲಿಗಳು?"

"ಇನ್ನೂ ಏನೂ ಅಂದಿಲ್ಲ ಅಕ್ಕ."

"ನಾನು ಹೋಗೋದ್ರೊಳಗೆ ಅನ್ನೋಕೆ ಹೇಳು."

ಇನ್ನು ಪ್ರಯೋಗ. ಇಲಿಗೆ ಅಮಲು ಕೊಟ್ಟು ಮಲಗಿಸಿ, ಅದರ ಬಲಗಾಲಿನ ಮಂಡಿಯನ್ನು ಒಂದು ಬಟ್ಟಲಿನಲ್ಲೂ ಹಿಮ್ಮಡಿಯನ್ನು ಇನ್ನೊಂದು ಬಟ್ಟಲಿನಲ್ಲೂ ಕೂರಿಸಿ ಒತ್ತುವುದು. ಒತ್ತಿ ಬಿಡುವುದು, ಒತ್ತಿ ಬಿಡುವುದು, ದಿನಕ್ಕೆ ನಲವತ್ತು ಸಲ. ಎಡಗಾಲನ್ನು ಮುಟ್ಟುವಂತಿಲ್ಲ. ಕೊನೆಗೆ ಎರಡೂ ಕಾಲಿನ ಮೂಳೆಗಳನ್ನು ಕಾಗದದಂತೆ ತೆಳ್ಳಗೆ ಕೊಯ್ದು ನೋಡುವುದು. ಬಲಗಾಲಿನಲ್ಲಿ ಹೊಸ ಮೂಳೆ ಕಟ್ಟಿ, ಎಡಗಾಲಿನಲ್ಲಿ ಕಟ್ಟಿಲ್ಲವೆಂದರೆ ಮುದಿ ಮೂಳೆ ಓಗೊಟ್ಟಿತು ಎಂದರ್ಥ.

ಒತ್ತುವ ಯಂತ್ರವನ್ನು ಮೇಷ್ಟ್ರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದರು. ಹೊಲಿಗೆ ಮಿಷನ್ನಿನ ಮೋಟಾರು, ಒಂದು ಸ್ಪ್ರಿಂಗು, ಸೈಕಲ್ ಟ್ಯೂಬಿನ ರಬ್ಬರು ಅಂಟಿಸಿದ ಎರಡು ಬಟ್ಟಲು. ನಾನೂ ಜೊತೆಗಿದ್ದೆ. ಲೇತಿನವನು ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾವ ಗಾಡಿ ಪಾರ್ಟು ಸಾರ್?" ಎಂದ.

"ಗಾಡೀದಲ್ಲಪ್ಪ. ಇಲಿ ಕಾಲು ಒತ್ತೋಕೆ."

ಅವನು ಬಟ್ಟಲನ್ನು ವಾಪಸು ಕೊಟ್ಟ. "ನಮ್ಮನೇಲೂ ಕಾಟ ಇದೆ ಸಾರ್. ಆದ್ರೆ ಇಷ್ಟು ಖರ್ಚು ಯಾಕೆ? ಅಂಟಿನ ಹಲಗೆ ಬರುತ್ತಲ್ಲ."

ಮುದಿ ಇಲಿಯನ್ನು ಎಲ್ಲಿಯೂ ಮಾರುವುದಿಲ್ಲ. ಮರಿಯನ್ನು ತಂದು, ಅದು ಮುದಿಯಾಗುವವರೆಗೆ ಸಾಕಬೇಕು. ಒಂದೂವರೆ ವರ್ಷಕ್ಕೂ ಹೆಚ್ಚು ಬೇಕು. ಮೊದಲ ತಂಡವನ್ನು ಹೀಗೆ ಸಾಕಿದ್ದಾಯಿತು. ಕಾಲೇಜಿನ ಪ್ರಾಣಿಮನೆ ಮೇಲ್ಛಾವಣಿಯ ಮೇಲಿತ್ತು, ಶೀಟಿನ ಮಾಡು. ಒಂದು ಏಪ್ರಿಲ್‌ನಲ್ಲಿ ಎರಡು ದಿನ ಕರೆಂಟಿಲ್ಲದೆ ಫ್ಯಾನ್ ನಿಂತು, ಮುಪ್ಪಿಗೆ ಇನ್ನೇನು ಎರಡು ತಿಂಗಳಿದೆ ಎನ್ನುವಾಗ ಇಲಿಗಳೆಲ್ಲ ಸತ್ತವು. ಒಂದು ವಾರ ಬಿಟ್ಟು ಮೇಷ್ಟ್ರು ಮತ್ತೆ ಮರಿಗಳಿಗೆ ಅರ್ಜಿ ಹಾಕಿದರು.

ಪ್ರಾಣಿಪ್ರಯೋಗಗಳಿಗೆ ಅನುಮತಿ ಕೊಡುವ ಸಮಿತಿ ಈ ಸಲ ಕರುಣಾಮಯಿಯಾಗಿತ್ತು. ಮೇಷ್ಟ್ರು ಇಪ್ಪತ್ತನಾಲ್ಕು ಕೇಳಿದ್ದರು: ಹನ್ನೆರಡಕ್ಕೆ ಒತ್ತುವುದು, ಹನ್ನೆರಡನ್ನು ಹಾಗೇ ಬಿಡುವುದು. ಸಮಿತಿಯವರು, "ಹೋಲಿಸೋಕೆ ಎಡಗಾಲು ಇದೆಯಲ್ಲ, ಬೇರೆ ಇಲಿ ಯಾಕೆ? ಸುಮ್ಮನೆ ಜೀವಹಿಂಸೆ" ಎಂದು ಹನ್ನೆರಡನ್ನು ಮಾತ್ರ ಕೊಟ್ಟರು. ಮೇಷ್ಟ್ರು ಬಂದು, "ಇನ್ನು ಎಲ್ಲಾ ಎಡಗಾಲಿನ ಮೇಲೆ ನಿಂತಿದೆ ರೀ" ಎಂದರು. ಅವರ ನಿವೃತ್ತಿಗೂ, ನೋಂದಣಿಯ ಕೊನೆಯ ದಿನಕ್ಕೂ ಇನ್ನು ಎರಡೇ ವರ್ಷವಿತ್ತು. ಇನ್ನೊಂದು ತಂಡವನ್ನು ಮುದಿಮಾಡುವಷ್ಟು ಕಾಲ ಆಮೇಲೆ ಉಳಿಯುತ್ತಿರಲಿಲ್ಲ.

ಆ ಹನ್ನೆರಡು ಇಲಿಗಳನ್ನು ಸಾಕಿದವನು ಚನ್ನಪ್ಪ. ದಿನಗೂಲಿಯವನು. ಊರಲ್ಲಿ ಅಪ್ಪನ ಕಾಲಕ್ಕೇ ಎತ್ತು, ಹೊಲ ಎರಡೂ ಮುಗಿದು, ಇಲ್ಲಿಗೆ ಬಂದು ಸುಂಕದಕಟ್ಟೆಯಲ್ಲಿ ಬಾಡಿಗೆ ಮನೆ ಹಿಡಿದಿದ್ದ. ಲಿಂಗ ಕಟ್ಟಿದ ಮನುಷ್ಯ, ಮೊಟ್ಟೆ ಕೂಡ ಮುಟ್ಟುವವನಲ್ಲ. ಪ್ರಾಣಿಮನೆಗೆ ಕಾಲಿಡುವ ಮೊದಲು ಬಾಗಿಲಿಗೆ ಕೈಮುಗಿಯುತ್ತಿದ್ದ. ಯಾವ ಇಲಿಗೆ ಹಲ್ಲು ಉದ್ದವಾಗಿದೆ, ಯಾವುದಕ್ಕೆ ಕಣ್ಣಿಗೆ ಪೊರೆ ಬಂದಿದೆ ಎಲ್ಲ ಅವನಿಗೆ ಗೊತ್ತು. ಬೇಸಿಗೆಯಲ್ಲಿ ಗೋಣಿಚೀಲ ನೆನೆಸಿ ಮಾಡಿನ ಮೇಲೆ ಹೊದಿಸಿದ. ಹನ್ನೆರಡರಲ್ಲಿ ಒಂದೂ ಸಾಯಲಿಲ್ಲ. ಹಾಗೆ ನೋಡಿದರೆ, ಈ ಕಥೆಯಲ್ಲಿ ತನ್ನ ಕೆಲಸವನ್ನು ಪೂರ್ತಿ ಮನಸ್ಸಿಟ್ಟು ಮಾಡಿದವನು ಅವನೊಬ್ಬನೇ.

ಒತ್ತುವ ಕಾಲ ಬಂತು. ಒಟ್ಟು ನಾಲ್ಕು ವಾರ. ಮೊದಲ ಮೂರು ದಿನ ಮೇಷ್ಟ್ರೇ ಮಾಡಿದರು, ಚನ್ನಪ್ಪ ಪಕ್ಕದಲ್ಲಿ ನಿಂತು ಕಲಿತ. ಅಮಲಿಳಿದು ಎದ್ದ ಇಲಿಗಳು ಒಂದು ಗಳಿಗೆ ಬಲಗಾಲನ್ನು ಎಳೆದುಕೊಂಡು ನಡೆಯುತ್ತಿದ್ದವು, ಆಮೇಲೆ ಸರಿಹೋಗುತ್ತಿದ್ದವು. ನಾಲ್ಕನೆಯ ದಿನ ಅಕ್ಕನಿಗೆ ಎದೆಯಲ್ಲಿ ಕಫ ಕಟ್ಟಿ ಉಸಿರಾಟ ಕಷ್ಟವಾಯಿತು. ಆಸ್ಪತ್ರೆಗೆ ಸೇರಿಸಿದರು. ಮೇಷ್ಟ್ರು ರಜೆ ಹಾಕಿ ಆಕೆಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತರು. ಕೂರುವ ಮೊದಲು ಕಾಲೇಜಿಗೆ ಬಂದು ಚನ್ನಪ್ಪನಿಗೆ ಒಂದು ರಿಜಿಸ್ಟರ್ ಕೊಟ್ಟರು. ಪುಟದ ಮೇಲೆ ತಮ್ಮ ಮುದ್ದಾದ ಅಕ್ಷರದಲ್ಲಿ "ಬಲಗಾಲು, ನಲವತ್ತು" ಎಂದು ಬರೆದು, ದಿನಕ್ಕೊಂದು ಗೆರೆ ಎಳೆದಿದ್ದರು. ನನ್ನ ಕಡೆ ತಿರುಗಿ, "ಸಂಜೆ ಒಂದ್ಸಲ ಮೇಲೆ ಹೋಗಿ, ಮಾಡೋದು ನೋಡಿ ಸಹಿ ಹಾಕಿಬಿಡಿ. ಐದು ನಿಮಿಷದ ಕೆಲಸ" ಎಂದರು.

ಪ್ರಾಣಿಮನೆಯ ವಾಸನೆಯನ್ನು ಬಲ್ಲವರು ನನ್ನನ್ನು ಕ್ಷಮಿಸಬಹುದು, ಕ್ಷಮಿಸದೆಯೂ ಇರಬಹುದು. ನಾನು ಮೇಲೆ ಹೋಗಲಿಲ್ಲ. ಚನ್ನಪ್ಪ ಸಂಜೆ ರಿಜಿಸ್ಟರನ್ನು ನನ್ನ ಮೇಜಿಗೆ ತರುತ್ತಿದ್ದ. "ಆಯ್ತಾ ಚನ್ನಪ್ಪ?" "ಆತ್ರಿ ಸರ." ನಾನು ಸಹಿ ಹಾಕುತ್ತಿದ್ದೆ. ಈ ದೇಶದಲ್ಲಿ ಸಹಿ ಹಾಕುವವನು ನೋಡಿಯೂ ಇರಬೇಕೆಂದು ಹಟ ಹಿಡಿದರೆ ಯಾವ ಕಚೇರಿಯೂ ನಡೆಯುವುದಿಲ್ಲ ಎಂಬ ತತ್ವವನ್ನು ನಾನು ಆಗ ನಂಬಿದ್ದೆ.

ಅಕ್ಕ ಬದುಕಿ ಮನೆಗೆ ಬಂದರು. ನಾಲ್ಕು ವಾರ ಮುಗಿದವು. ಹೊಸದಾಗಿ ಕಟ್ಟಿದ ಮೂಳೆಗೆ ಮಾತ್ರ ಅಂಟಿಕೊಳ್ಳುವ ಬಣ್ಣವೊಂದನ್ನು ಇಲಿಗಳಿಗೆ ಮೊದಲೇ ಚುಚ್ಚಿದ್ದರು. ವಿಶೇಷ ಬೆಳಕಿನಲ್ಲಿ ಅದು ಹಸಿರಾಗಿ ಹೊಳೆಯುತ್ತದೆ. ಅಂಥ ಸೂಕ್ಷ್ಮದರ್ಶಕ ನಮ್ಮಲ್ಲಿರಲಿಲ್ಲ. ಊರಿನ ಇನ್ನೊಂದು ತುದಿಯ ಸಂಸ್ಥೆಯೊಂದಕ್ಕೆ ಎರಡು ಬಸ್ಸು ಬದಲಿಸಿ, ಗಾಜಿನ ಸ್ಲೈಡುಗಳ ಡಬ್ಬಿಯನ್ನು ಮೇಷ್ಟ್ರು ತೊಡೆಯ ಮೇಲಿಟ್ಟುಕೊಂಡು, ನಾನು ಊಟದ ಡಬ್ಬಿ ಹಿಡಿದುಕೊಂಡು ಹೋದೆವು.

ಬಲಗಾಲಿನ ಸ್ಲೈಡನ್ನು ಮೊದಲು ಇಟ್ಟರು. ಕಣ್ಣು ಕೀಲಿಸಿ ಎಷ್ಟೋ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ನನ್ನನ್ನು ಎಳೆದು ಕೂರಿಸಿದರು. ಕಪ್ಪಿನ ಮೇಲೆ ಹಸಿರು ಗೆರೆ, ಬಾಳೆಯ ಸುಳಿಯ ಅಂಚಿನಂತೆ. "ಮುದಿ ಇಲಿ ರೀ" ಎಂದು ಪಿಸುಗುಟ್ಟಿದರು. "ಮುದಿ ಇಲಿ ಗಾರೆ ಹಾಕಿದೆ." ಆ ಒಂದು ಗಳಿಗೆ ಅವರ ಮುಖ ಹೇಗಿತ್ತೆಂದು ನಾನು ವರ್ಣಿಸಲಾರೆ. ಅದು ಒಂದೇ ಗಳಿಗೆ ಇದ್ದದ್ದು.

ಎಡಗಾಲಿಟ್ಟರು. ಅದರಲ್ಲೂ ಅದೇ ಹಸಿರು ಗೆರೆ.

ಇನ್ನೊಂದು ಇಲಿ. ಎರಡೂ ಕಾಲು ಹಸಿರು. ಹನ್ನೆರಡೂ ಮುಗಿದವು. "ಎಡಗಾಲು ಯಾಕೆ ಹೊಳೀತಿದೆ?" ಎಂದು ಮೇಷ್ಟ್ರು ಕೇಳಿದರು, ನನ್ನನ್ನಲ್ಲ. ಊಟದ ಡಬ್ಬಿ ಹಾಗೇ ವಾಪಸಾಯಿತು.

ಮುಂದಿನ ಎರಡು ತಿಂಗಳು ಅವರು ಎಡಗಾಲಿಗೆ ಕಾರಣ ಹುಡುಕಿದರು. ಆಹಾರವೋ, ಅಮಲೋ, ಬಲಗಾಲು ನೋಯುತ್ತದೆಂದು ಇಲಿ ಎಡಗಾಲಿನ ಮೇಲೆ ಹೆಚ್ಚು ಭಾರ ಬಿಟ್ಟಿತೋ. ಸುಮ್ಮನೆ ಬಿಟ್ಟ ಇಲಿಯೊಂದಿದ್ದರೆ ಹೋಲಿಸಬಹುದಿತ್ತು. ಇರಲಿಲ್ಲ. ಎಡಗಾಲನ್ನು ನಂಬಿದರೆ, ಒತ್ತಿದ್ದರಿಂದ ಏನೂ ಆಗಲಿಲ್ಲ ಎಂದೇ ಬರೆಯಬೇಕಿತ್ತು.

ಒಂದು ಮಧ್ಯಾಹ್ನ ಕ್ಯಾಂಟೀನಿನ ಹೊರಗಿನ ಕಟ್ಟೆಯ ಮೇಲೆ ನಾವು ಮೂವರೂ ಟೀ ಕುಡಿಯುತ್ತಿದ್ದೆವು. ಮೇಷ್ಟ್ರ ಮುಖ ನೋಡಲಾರದೆ ಇರಬೇಕು, ಚನ್ನಪ್ಪ ಸಮಾಧಾನಕ್ಕೆ ಬಾಯಿಬಿಟ್ಟ.

"ಸರ, ನೀವು ಏನರ ಅನ್ರಿ, ಒಂದ ಇಲಿನೂ ಕುಂಟಲಿಲ್ಲ ನೋಡ್ರಿ. ನೀವು ಮಾಡೂ ಮುಂದ ಕಾಲ ಎಳೀತಿದ್ವು. ನಾ ಹಿಡದ ಮ್ಯಾಲೆ ಒಂದೂ ಎಳೀಲಿಲ್ಲ."

"ಹೌದಾ" ಎಂದರು ಮೇಷ್ಟ್ರು.

"ಹ್ಯಾಂಗ ಎಳೀತಾವ್ರಿ? ನಾ ಕಾಲ ಬದಲ ಮಾಡಿ ಮಾಡಿ ಹಚ್ಚೇನಿ. ಇವತ್ತ ಬಲಗಾಲ, ನಾಳಿ ಎಡಗಾಲ."

ಮೇಷ್ಟ್ರ ಪೆನ್ನು ಕಾಲನ್ನು ಬಡಿಯುತ್ತಿದ್ದದ್ದು ನಿಂತಿತು. "ಯಾಕೆ ಚನ್ನಪ್ಪ?"

"ಯಾಕಂದ್ರ ಏನ್ರಿ? ಎತ್ತಿಗೆ ದಿನಾ ಒಂದ ಮಗ್ಗಲಾ ನೊಗ ಹೂಡಿದ್ರ ಹೆಗಲ ಬಾತು ಕುಂಡರತೈತಿ. ನಮ್ಮಪ್ಪ ಎಡಕಿನ ಎತ್ತು ಬಲಕ ಹಾಕಾಂವ, ಬಲಕಿಂದು ಎಡಕ. ಮುದಿ ಎತ್ತಿಗಂತೂ ಹಂಗ ಮಾಡಾಕ ಬೇಕ. ಇವು ಮುದಿ ಇಲಿ ಅಲ್ಲೇನ್ರಿ?"

"ಯಾವತ್ತು ಯಾವ ಕಾಲು ಅಂತ ಎಲ್ಲಾದ್ರೂ ಬರೆದಿಟ್ಟಿದ್ದೀಯಾ?"

"ಬರ್ದಿಲ್ರಿ. ನಲವತ್ತ ಸಲ ಆತು ಅಂತ ಟಿಕ್ ಹಾಕೇನಿ. ನಡುವ ರವಿವಾರ ಬಂದಾಗ ಒಮ್ಮೊಮ್ಮೆ ಮರೀತಿತ್ತು. ಆಗ ಯಾವ ಕಾಲ ದಣದಿಲ್ಲ ಅಂತ ಕಾಣ್ತದೋ ಅದಕ್ಕ ಹಚ್ಚಿದೆ." ಆಮೇಲೆ ನಮ್ಮಿಬ್ಬರನ್ನೂ ನೋಡಿ, "ತಪ್ಪಾತೇನ್ರಿ?" ಎಂದ.

ಮೇಷ್ಟ್ರು ಲೋಟದ ತಳ ನೋಡುತ್ತಿದ್ದರು. "ಇಲ್ಲ. ಇಲಿಗಳನ್ನ ಚೆನ್ನಾಗಿ ನೋಡ್ಕೊಂಡೆ. ಟೀ ಆರಿಹೋಗುತ್ತೆ, ಕುಡಿ."

ಅಂದು ಸಂಜೆ ಬಸ್ಸಿನಲ್ಲಿ ನಾನೇ ಮಾತು ತೆಗೆದೆ. ರಿಜಿಸ್ಟರಿನಲ್ಲಿ ಬಲಗಾಲು ಎಂದೇ ಇದೆ, ಸಹಿಯೂ ಇದೆ, ಇದ್ದಂತೆ ಕೊಟ್ಟುಬಿಡಿ ಎಂದೆ. "ಮುದಿ ಮೂಳೆ ಓಗೊಡೋದಿಲ್ಲ ಅಂತ ಬರೀರಿ ಮೇಷ್ಟ್ರೇ. ಅದೂ ಒಂದು ಫಲಿತಾಂಶವೇ. ಡಿಗ್ರಿ ಕೊಡ್ತಾರೆ."

"ಓಗೊಟ್ಟಿದೆ ರೀ. ಎರಡೂ ಕಡೆ ಓಗೊಟ್ಟಿದೆ. ಕಣ್ಣಾರೆ ನೋಡಿದ್ದೀನಿ. ಇಲ್ಲ ಅಂತ ಹೇಗೆ ಬರೀಲಿ? ಹೌದು ಅನ್ನೋಕೆ ಹೋಲಿಕೆ ಇಲ್ಲ."

"ಹಾಗಾದ್ರೆ ನಡೆದದ್ದನ್ನೇ ಬರೆದು ಇನ್ನೊಂದು ಅವಧಿ ಕೇಳಿ."

"ನಡೆದದ್ದು ಬರೆದ್ರೆ ಚನ್ನಪ್ಪನ ಹೆಸರು ಬರಬೇಕು. ದಿನಗೂಲಿಯವರಲ್ಲಿ ಯಾರನ್ನ ತೆಗೀಬೇಕು ಅಂತ ಪ್ರಿನ್ಸಿಪಾಲರು ಪಟ್ಟಿ ಮಾಡ್ತಾ ಇದ್ದಾರೆ." ಬಸ್ಸು ನಾಯಂಡಹಳ್ಳಿಯ ಗುಂಡಿಗಳಲ್ಲಿ ಏಳುತ್ತಾ ಬೀಳುತ್ತಾ ಹೋಗುತ್ತಿತ್ತು. ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಲೇ, "ನಿಮ್ಮ ಹೆಸರೂ ಬರಬೇಕು" ಎಂದರು.

ನನ್ನ ಸ್ಟಾಪು ಬಂತು. ಇಳಿಯುವಾಗ "ನನ್ನ ಹೆಸರು ಬರೀರಿ" ಎನ್ನಬಹುದಿತ್ತು. ಹಾಗೆ ಅಂದೆನೆಂದು ಬರೆಯಲು ಈಗ ಯಾವ ಅಡ್ಡಿಯೂ ಇಲ್ಲ, ಕೇಳಿದವರು ಮಡಕೆಯಲ್ಲಿದ್ದಾರೆ. ಆದರೆ ಅನ್ನಲಿಲ್ಲ.

ಕೊನೆಯ ದಿನದೊಳಗೆ ಮೇಷ್ಟ್ರು ವಿಶ್ವವಿದ್ಯಾಲಯಕ್ಕೆ ಏನನ್ನೂ ಕಳಿಸಲಿಲ್ಲ. ಅದಾದ ಎರಡು ವಾರಕ್ಕೆ ಬೀಳ್ಕೊಡುಗೆ. ಪ್ರಿನ್ಸಿಪಾಲರು ಮೇಷ್ಟ್ರನ್ನು ಸಂಸ್ಥೆಯ ಬೆನ್ನೆಲುಬು ಎಂದು ಕರೆದರು, ಮೂಳೆಯ ಬಗ್ಗೆ ಅವರಿಗೆ ಗೊತ್ತಿದ್ದದ್ದು ಅಷ್ಟು. ಶಾಲು, ಹಣ್ಣಿನ ಬುಟ್ಟಿ, ಬೆಳ್ಳಿಯ ಬಣ್ಣದ ಗಡಿಯಾರ. ಹಾರ ಹಾಕಿದವನು ಚನ್ನಪ್ಪ. ಅವನ ಕೆಲಸ ಉಳಿದಿತ್ತು. ಒತ್ತುವ ಯಂತ್ರ ಸ್ಟೋರ್ ರೂಮು ಸೇರಿತು. ಅದರ ಮೋಟಾರನ್ನು ಯಾರೋ ಬಿಚ್ಚಿಕೊಂಡು ಹೋದರು.

ಹಣ್ಣಿನ ಬುಟ್ಟಿ ಹೊತ್ತುಕೊಂಡು ನಾನು ಅವರ ಮನೆಯವರೆಗೆ ಹೋದೆ. ಮೇಷ್ಟ್ರು ಬಸ್ಸಿನಿಂದ ಹಾರಲಿಲ್ಲ. ಒಂದೊಂದೇ ಮೆಟ್ಟಿಲಿಳಿದರು.

ಅಕ್ಕ ಎದ್ದು ಕೂತು ಕಾಯುತ್ತಿದ್ದರು. ಶಾಲನ್ನು ಮುಟ್ಟಿ ನೋಡಿ, "ಜರಿ ನಕಲಿ" ಎಂದರು. ಆಮೇಲೆ, "ಏನಂದ್ವೋ ಇಲಿಗಳು? ಇವತ್ತಾದ್ರೂ ಹೇಳು."

"ಗಟ್ಟಿಯಾಗಿವೆ ಅಕ್ಕ. ಎರಡೂ ಕಾಲು."

"ಮುದಿ ಇಲೀದೂ?"

"ಮುದಿ ಇಲೀದೇ."

"ಅಂತೂ ಅಂದ್ವಲ್ಲ. ಹಾಗಾದ್ರೆ ಬಾಗಿಲ ಮೇಲೆ ಡಾಕ್ಟರ್ ಅಂತ ಬೋರ್ಡು ಬರ್ಸು."

"ಹೂಂ."

ಅಕ್ಕ ಕೈಚಾಚಿ ಕಿಟಕಿಯ ಸರಳು ಹಿಡಿದರು. "ಬಾ, ಎಬ್ಬಿಸು. ಇವತ್ತು ಐದು ಮಾಡೋಣ."

ಮೇಷ್ಟ್ರು ಶಾಲನ್ನು ಕುರ್ಚಿಯ ಮೇಲೆ ಹಾಕಿ, ಆಕೆಯ ಕಂಕುಳಲ್ಲಿ ಕೈಕೊಟ್ಟು ಎಬ್ಬಿಸಿದರು. ಒಂದು ಎಣಿಸಿದರು, ಎರಡು ಎಣಿಸಿದರು. ನಾನು ಹಣ್ಣಿನ ಬುಟ್ಟಿ ಕೆಳಗಿಟ್ಟು ಇನ್ನೊಂದು ಕಡೆ ಹಿಡಿದುಕೊಂಡೆ. ನಾಲ್ಕಾಯಿತು. ಐದನೆಯದಕ್ಕೆ ಮಂಡಿಗಳು ಕುಸಿದವು, ಕೂರಿಸಿದೆವು.

ಅಕ್ಕ ಮುಂದಿನ ವರ್ಷ ಹಾಸಿಗೆಯಲ್ಲೇ ತೀರಿಕೊಂಡರು. ಅವಧಿ ಮೀರಿದ ಕಾರಣ ವಿಶ್ವವಿದ್ಯಾಲಯ ಮೇಷ್ಟ್ರ ನೋಂದಣಿಯನ್ನು ರದ್ದುಪಡಿಸಿತು.